ಕೈಚೀಲದ ತೂಕ

ಬೆಳಿಗ್ಗೆ ಎದ್ದಾಗಿನಿಂದ ತಿಮ್ಮೇಶನಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ಎತ್ತಿ ನೋಡುವ ಚಾಳಿ ಹತ್ತಿಕೊಂಡಿತ್ತು. ನೀರಿನ ತಂಬಿಗೆ, ಕಾಫಿ ಲೋಟ, ಬಾಗಿಲ ಹಿಂದೆ ಬಿಟ್ಟಿದ್ದ ಚಪ್ಪಲಿ, ಯಾವುದನ್ನು ಮುಟ್ಟಿದರೂ ಅಂಗೈ ಒಂದು ಗಳಿಗೆ ತಡೆದು, ಇದು ಇಷ್ಟಿದೆ ಎಂದು ಒಳಗೇ ಹೇಳಿಕೊಳ್ಳುತ್ತಿತ್ತು. ಪಾಂಡವಪುರದ ಬೆಲ್ಲದ ಮಂಡಿಯಲ್ಲಿ ವರ್ಷಾನುಗಟ್ಟಲೆ ತಕ್ಕಡಿ ಮುಂದೆ ನಿಂತವನ ಕೈ ಅದು, ಅದರ ತಪ್ಪೇನಿಲ್ಲ. ಆದರೆ ಇಷ್ಟು ದಿನ ಆ ಬುದ್ಧಿಯನ್ನು ಸಂಜೆ ಮಂಡಿಯಲ್ಲೇ ಬಿಟ್ಟು, ಕೈಕಾಲು ತೊಳೆದುಕೊಂಡು ಮನೆಗೆ ಬರುತ್ತಿದ್ದ. ತಂಗಿ ಲತಳಿಗೆ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿ, ವಿಮಾನದ ಟಿಕೆಟ್ಟು ಬಂದ ಮೇಲೆ ಮನೆಯೇ ಮಂಡಿಯಾಯಿತು. ಸೀರೆ ಎಷ್ಟು ತೂಗುತ್ತದೆ, ಸಾರಿನ ಪುಡಿ ಎಷ್ಟು ತೂಗುತ್ತದೆ, ಡಬ್ಬಿ ಬಿಟ್ಟು ಬರೀ ಸೋಪು ಹಾಕಿದರೆ ಎಷ್ಟು ಉಳಿಯುತ್ತದೆ, ಮೂರು ಹೊತ್ತೂ ಇದೇ ಮಾತು. ಇವತ್ತು ಅವಳು ಹೊರಡುವ ದಿನ. ಮನೆಯಲ್ಲಿ ತೂಗದೆ ಉಳಿದದ್ದು ಒಂದೇ ಒಂದಿತ್ತು, ಅದರ ಹೆಸರನ್ನು ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಹೆಣ್ಣುಮಗಳು ತೌರಿನಿಂದ ಹೊರಡುವಾಗ ಮಡಿಲು ತುಂಬದೆ ಕಳಿಸುವ ಮನೆ ಆ ಕಡೆ ಎಲ್ಲೂ ಇಲ್ಲ. ತಾಯಿ ಇದ್ದರೆ ತಾಯಿ, ಇಲ್ಲದಿದ್ದರೆ ಅತ್ತಿಗೆ, ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆಅಡಿಕೆ, ರವಿಕೆ ಕಣ ಎಲ್ಲವನ್ನೂ ಮೊರದಲ್ಲಿ ತಂದು ಸೆರಗಿಗೆ ಸುರಿಯಬೇಕು. ಅವಳು ಅದನ್ನು ದಾರಿಯಲ್ಲಿ ಕೆಳಗಿಡದೆ ಹೋಗಬೇಕು. ಕಡುಬಡವರೂ ಒಂದು ಹಿಡಿ ಅಕ್ಕಿಯನ್ನಾದರೂ ಹಾಕಿಯೇ ಕಳಿಸುತ್ತಾರೆ. ಈ ಮನೆ ನಿನಗೆ ಇನ್ನೂ ಇದೆ ಎಂದು ಹೇಳಲು ನಮ್ಮ ಜನಕ್ಕೆ ಗೊತ್ತಿರುವುದು ಅದೊಂದೇ ದಾರಿ. ಅವ್ವ ತೀರಿಹೋಗಿದ್ದರಿಂದ ಈ ಮನೆಯಲ್ಲಿ ಅದು ಅತ್ತಿಗೆಯ ಪಾಲಿನ ಕೆಲಸ. ಆದರೆ ಲತಳ ಗಂಡ ಸತ್ತು ನಾಲ್ಕು ವರ್ಷವಾಗಿತ್ತು. ತಿಮ್ಮೇಶನ ಹೆಂಡತಿ ಪ್ರೇಮಮ್ಮನಿಗೆ ಎರಡು ಬಸಿರು ನಿಲ್ಲದೆ ಹೋಗಿ, ಈಗ ಮೂರನೆಯದಕ್ಕೆ ಐದು ತಿಂಗಳು ತುಂಬಿತ್ತು. ಬಾಣಂತನ ಮುಗಿಯುವವರೆಗೂ ಇರುತ್ತೇನೆಂದು ಮಾಕವಳ್ಳಿಯಿಂದ ಬಂದು ಕೂತಿದ್ದ ದೊಡ್ಡವ್ವ ಪುಟ್ಟಲಕ್ಷ್ಮಮ್ಮ, ಹೋದ ವಾರ ಹಿತ್ತಲಲ್ಲಿ ಅವನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಹೇಳಿದ್ದಳು.

"ನೋಡ್ಲಾ ಮಗ, ಅವ್ಳೂ ನನ್ ತಂಗಿ ಮಗ್ಳೇ, ನಂಗೇನು ಒಟ್ಟೆಕಿಚ್ಚಿಲ್ಲ. ಆದ್ರೆ ಗಂಡ ಇಲ್ದೋಳ್ ಮಡ್ಲಿಗೆ ಅಕ್ಕಿ ಉಯ್ದ್ರೆ ಉಯ್ದೋಳ್ ಮಡ್ಲು ಬರಿದಾಯ್ತದೆ. ಎರಡ್ ಓಗೈತೆ. ಇನ್ನೊಂದ್ ಓಗ್ಲಿ ಅಂತಿದ್ರೆ ಉಯ್ಸು."

ದೊಡ್ಡವ್ವ ಕೆಟ್ಟವಳಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು ಎಂದು ಅಲ್ಲೇ ನಿಂತು ಯೋಚಿಸಿದ. ಎರಡನೆಯ ಸಲ ಪ್ರೇಮಮ್ಮನಿಗೆ ಬಚ್ಚಲಲ್ಲಿ ಹಾಗಾದಾಗ ರಾತ್ರಿಯೆಲ್ಲ ಕೂತು ಅವಳ ಕೈ ಹಿಡಿದುಕೊಂಡವಳು ಲತ. ಬಕೆಟ್ಟನ್ನು ಹಿತ್ತಲಿಗೆ ಒಯ್ದು ಚೆಲ್ಲಿ ಬಂದವನು ಅವನು. ಆ ಬಕೆಟ್ಟಿನ ತೂಕ ಅವನ ಕೈಯಿಂದ ಇನ್ನೂ ಹೋಗಿರಲಿಲ್ಲ. ಪ್ರೇಮಮ್ಮನಿಗೆ ಈ ವಿಷಯದಲ್ಲಿ ಏನನ್ನಿಸುತ್ತದೆ ಎಂದು ಕೇಳಬೇಕು ಎಂದುಕೊಂಡವನು ಕೇಳದೆ ಉಳಿದ. ಕೇಳಿದರೆ ಅವಳು ಬೇಡ ಎನ್ನಬಹುದು, ಬೇಡ ಎಂದರೆ ಅವಳ ಮೇಲೆ ಕೋಪ ಬರಬಹುದು. ಸರಿ ಎಂದರೆ ಆಮೇಲೆ ಮೂರು ನಾಲ್ಕು ತಿಂಗಳು ಅವಳು ಕೆಮ್ಮಿದಾಗಲೆಲ್ಲ ತಾನು ಬೆಚ್ಚಿ ಕೂರಬೇಕು. ಅತ್ತ ದರಿ ಇತ್ತ ಪುಲಿ. ಇಂಥ ಹೊತ್ತಿನಲ್ಲಿ ಅವನು ಚಿಕ್ಕಂದಿನಿಂದಲೂ ಮಾಡುತ್ತಿದ್ದದ್ದು ಒಂದೇ, ಬೇರೆ ಯಾರಾದರೂ ಅವನ ಪರವಾಗಿ ಇಲ್ಲ ಎನ್ನಲಿ ಎಂದು ಕಾಯುವುದು.

ಹಾಗೆ ಇಲ್ಲ ಎನ್ನಲು ಅವನಿಗೆ ಸಿಕ್ಕಿದ್ದು ವಿಮಾನದವರ ಕಾನೂನು. ಅದನ್ನು ಅವನು ಕಲಿತದ್ದು ಶ್ರೀರಂಗಪಟ್ಟಣದ ರವೀಂದ್ರನಿಂದ. ರವೀಂದ್ರ ಕೆಲವು ವರ್ಷ ದುಬೈನಲ್ಲಿ ಡ್ರೈವರ್ ಆಗಿದ್ದು ಬಂದು, ಹೆದ್ದಾರಿಯ ಬದಿಗೆ ಸೂಟ್‌ಕೇಸು, ಬ್ಯಾಗು, ಕೊಡೆ ಮಾರುವ ಅಂಗಡಿ ಇಟ್ಟಿದ್ದ. ಸುತ್ತಿನ ತಾಲ್ಲೂಕುಗಳಲ್ಲಿ ಯಾರೇ ವಿಮಾನ ಹತ್ತುವುದಿದ್ದರೂ ಮೊದಲು ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತು ಬೈಸಿಕೊಂಡೇ ಹೋಗಬೇಕು.

"ದೊಡ್ ಪೆಟ್ಗೆ ಇಪ್ಪತ್ ಕೆಜಿ, ಅದು ಇಮಾನದ್ ಒಟ್ಟೆಗೋಯ್ತದೆ. ಕೈಚೀಲ ಒಂದೇ ಕಣ್ಲಾ, ಐದ್ ಕೆಜಿ, ಸೀಟಿನ್ ಕೆಳ್ಗಡೆ ಇಡೀಬೇಕು," ಎಂದು ರವೀಂದ್ರ ಗಿರಾಕಿಗಳೆಲ್ಲ ಕೇಳುವಂತೆ ಹೇಳಿದ್ದ. "ಜಾಸ್ತಿ ಆದ್ರೆ ಒಂದೊಂದ್ ಕೆಜಿಗೂ ಕಟ್ಟು ಅಂತಾರೆ. ಕಟ್ಟಕ್ಕಿಲ್ದಿದ್ರೆ ಎಲ್ರ ಮುಂದ್ಲೂ ಬಿಚ್ಚಿ ತಗಿ ಅಂತಾರೆ. ನಾನ್ ನೋಡಿವ್ನಿ, ಎಂಗುಸ್ರು ಒಳಬಟ್ಟೆಗಿಳಬಟ್ಟೆ ಎಲ್ಲಾನೂ ನೆಲದ್ ಮ್ಯಾಲೆ ಅರಡ್ಕಂಡು ಅಳ್ತಾ ಕುಂತಿರ್ತಾರೆ. ಚಾಕು ಕತ್ರಿ ಕೈಚೀಲಕ್ಕೆ ಬ್ಯಾಡ. ಉಪ್ಪಿನ್ಕಾಯಿ ಸೋರ್ತದೆ. ಒಣ ಕೊಬ್ರಿ ಬುಡಕ್ಕಿಲ್ಲ, ಎಣ್ಣೆ ಐತೆ, ಬೆಂಕಿ ಅತ್ಕತದೆ ಅಂತಾರೆ."

"ಅಕ್ಕಿಗಿಕ್ಕಿ?" ಎಂದು ತಿಮ್ಮೇಶ ಅಂಗಡಿಯ ಕೊಡೆಗಳನ್ನು ನೋಡುತ್ತ ಕೇಳಿದ್ದ.

"ಅಕ್ಕಿಗೇನು? ತಗಂಡೋಗ್ಲಿ, ತೂಕದೊಳ್ಗಿದ್ರೆ ಆಯ್ತು. ಮೈ ಮ್ಯಾಲಿರೋದು, ಮಡ್ಲಲ್ಲಿರೋದು ತೂಕಕ್ಕೇ ಬರಲ್ಲ ಕಣ್ಲಾ. ಶಾಲು, ಕೊಡೆ, ಮಗೀನ್ ಆಲಿನ್ ಬಾಟ್ಲಿ, ಓದಕ್ಕೊಂದ್ ಪುಸ್ತಕ. ನಾನು ಮೊದಲ್ನೇ ಸಲ ಮೂರ್ ಪ್ಯಾಂಟು ಒಂದ್ರ ಮ್ಯಾಲೊಂದು ಇಕ್ಕಂಡೋಗಿದ್ದೆ. ದುಡ್ಡೇನೋ ಉಳೀತು, ಕಕ್ಕಸ್ಸಿಗೋಗಕ್ಕಾಗ್ದೆ ಸತ್ತೆ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಗು ಮುಗಿದ ಮೇಲೆ ರವೀಂದ್ರ, ಯಾರು ಹೋಗುತ್ತಿರುವುದು ಎಂದು ಕೇಳಿದ. ತಂಗಿ ಎಂದ ತಿಮ್ಮೇಶ. "ಬಿಂಡಿಗನವಿಲೆಗೆ ಕೊಟ್ಟಿದ್ರಲ್ಲ, ಅವ್ಳಾ? ಗಂಡ ಓಗ್ಬುಟ್ನಲ್ಲ, ಪಾಪ," ಎಂದ ರವೀಂದ್ರ. ಬ್ಯಾಗಿನ ಜಿಪ್ಪು ಎಳೆದು ನೋಡುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ ತಿಮ್ಮೇಶನನ್ನು ನೋಡಿದಳು. ಆ ನೋಟಕ್ಕೆ ಅವನು ತಾನೇ ಏನೋ ಕದ್ದು ಸಿಕ್ಕಿಬಿದ್ದವನಂತೆ ಹೆಗಲು ಮುಟ್ಟಿಕೊಂಡ. ಒಂದು ನೀಲಿ ರೆಕ್ಸಿನ್ ಬ್ಯಾಗನ್ನು, ಚೌಕಾಸಿಯನ್ನೂ ಮಾಡದೆ, ತೆಗೆದುಕೊಂಡು ಬಂದ.

ನಿನ್ನೆ ಬೆಳಿಗ್ಗೆ ಸೂಟ್‌ಕೇಸನ್ನೂ ಆ ನೀಲಿ ಬ್ಯಾಗನ್ನೂ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಮಂಡಿಗೆ ಹೋಗಿದ್ದ. ಲತ ಹಿಂದೆ ನಡೆದು ಬಂದು, ಒಳಗೆ ಬಾರದೆ, ಗಾಡಿಗಳು ನಿಲ್ಲುವ ಕಡೆ ಹುಣಸೆಮರದ ಕೆಳಗೆ ನಿಂತಿದ್ದಳು. ಬೆಲ್ಲದ ಅಂಟು ಹತ್ತದಿರಲಿ ಎಂದು ತಕ್ಕಡಿಯ ಮೇಲೆ ಹಳೆ ಪೇಪರು ಹಾಸಿದ. ಮಂಡಿಯ ಯಜಮಾನ ಶಿವಣ್ಣ ಎಲೆ ಹಾಕಿಕೊಳ್ಳುತ್ತ ನೋಡಿ, "ಏನ್ಲಾ ತಿಮ್ಮೇಶ, ರೈತ್ರ ಬೆಲ್ಲಕ್ಕೆ ನೀರಿನಂಶ ಅಂತ ಕಳೀತಿಯಲ್ಲ, ತಂಗಿ ಪೆಟ್ಗೇಲಿ ಏನ್ ಕಳೀತಿಯಾ," ಎಂದು ನಗೆಯಾಡಿದ. ಹಮಾಲರೂ ನಕ್ಕರು. ತಮಾಷೆಗೆ ಅಂದದ್ದು, ಆದರೂ ತಿಮ್ಮೇಶನಿಗೆ ಕಿವಿ ಬಿಸಿಯಾಯಿತು. ಸೂಟ್‌ಕೇಸು ಇಪ್ಪತ್ತಕ್ಕೆ ಕೂದಲೆಳೆಯಷ್ಟು ಒಳಗೆ ಬಂತು. ಕೈಚೀಲ ಇಟ್ಟಾಗ ಮುಳ್ಳು ಮೂರರ ಹತ್ತಿರ ಹೋಗಿ ನಿಂತುಬಿಟ್ಟಿತು. ಅವನು ಬ್ಯಾಗನ್ನು ಎತ್ತಿ ಮತ್ತೆ ಇಟ್ಟ. ಮತ್ತೆ ಮೂರೇ. ಐದು ಹಿಡಿಯುವ ಚೀಲದಲ್ಲಿ ಎರಡು ಕೆಜಿ ಖಾಲಿ. ಒಂದೊಂದು ಹಪ್ಪಳಕ್ಕೂ ಲೆಕ್ಕ ಹಾಕಿ, ಇಷ್ಟವಾದ ಕಂಬಳಿಯನ್ನು ಭಾರವಾಯಿತೆಂದು ಪೆಟ್ಟಿಗೆಯಿಂದ ತೆಗೆದಿಟ್ಟವಳು ಇಷ್ಟು ಜಾಗವನ್ನು ಮರೆತಿರಲು ಸಾಧ್ಯವಿಲ್ಲ. ತೂಗುವವನ ಕಣ್ಣಿಗೆ ಹೆಚ್ಚು ಬಂದದ್ದಕ್ಕಿಂತ ಕಡಿಮೆ ಬಂದದ್ದು ಬೇಗ ಬೀಳುತ್ತದೆ. ಅವನು ಹುಣಸೆಮರದ ಕಡೆ ನೋಡಿದ. ಲತ ಇವನನ್ನೇ ನೋಡುತ್ತಿದ್ದಳು. "ಸರಿ ಐತೆ ಕಣವ್ವ," ಎಂದು ಕೂಗಿ ಹೇಳಿ, ಬ್ಯಾಗನ್ನು ತಕ್ಕಡಿಯಿಂದ ಇಳಿಸಿಬಿಟ್ಟ.

ಸಂಜೆ ಅವಳೇ ಮಾತು ತೆಗೆದಳು. ದೊಡ್ಡವ್ವ ಒಲೆ ಮುಂದೆ, ಪ್ರೇಮಮ್ಮ ಸೊಪ್ಪು ಬಿಡಿಸುತ್ತ, ಅವನು ನಡುಮನೆಯಲ್ಲಿ ಸೂಟ್‌ಕೇಸಿನ ಬೀಗಕ್ಕೆ ಎಣ್ಣೆ ಬಿಡುತ್ತ ಕೂತಿದ್ದ ಹೊತ್ತು. ಬ್ಯಾಗಿನ ಪಟ್ಟಿಯನ್ನು ಬಿಗಿ ಮಾಡುತ್ತಲೇ, ತಲೆಯೆತ್ತದೆ, "ಅಣ್ಣ, ರವೀಂದ್ರಣ್ಣನ್ನ ಕೇಳ್ದಾ? ಅಕ್ಕಿ ಬೆಲ್ಲ ಏನಾರ ತಗಂಡೋದ್ರೆ ಬುಡ್ತಾರಂತಾ?" ಎಂದಳು.

ಒಲೆಯ ಮುಂದಿನ ಸದ್ದು ನಿಂತಿತು. ಸೊಪ್ಪು ಬಿಡಿಸುವ ಕೈಯೂ ನಿಂತಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ತಿಮ್ಮೇಶನ ಬಾಯಿಂದ ಮಾತು ತಾನಾಗಿಯೇ ಬಂತು, ಅಷ್ಟು ಸರಾಗವಾಗಿ ಬಂದದ್ದಕ್ಕೆ ಅವನಿಗೇ ಅಚ್ಚರಿಯಾಯಿತು.

"ಕೇಳ್ದೆ ಕಣವ್ವ. ಬುಡಕ್ಕಿಲ್ವಂತೆ. ಕೊಬ್ರಿ ಅಂತೂ ಬೆಂಕಿ ಅತ್ಕತದೆ ಅಂತ ತಗ್ದು ಎಸ್ದೇಬುಡ್ತಾರಂತೆ. ಅಕ್ಕಿ ಬೆಲ್ಲ ಎಲ್ಲಾನೂ ಅಂಗೇ. ರೂಲ್ಸಂತೆ."

"ಓ, ಅಂಗಾ," ಎಂದಳು ಲತ. ಅಷ್ಟೇ. ಆಮೇಲೆ ಎದ್ದು ಹೋಗಿ, ಒಣಗಿದ ಬಟ್ಟೆ ಮಡಚತೊಡಗಿದಳು. ಕೊಬ್ಬರಿಯ ಮಾತು ನಿಜವಿತ್ತು. ಆ ಒಂದು ನಿಜದ ಸೆರಗು ಹಿಡಿದುಕೊಂಡು ಉಳಿದ ಸುಳ್ಳೂ ಒಳಗೆ ಬಂದು ಕೂತಿತ್ತು. ರಾತ್ರಿ ಊಟಕ್ಕೆ ದೊಡ್ಡವ್ವ ಅವನ ತಟ್ಟೆಗೆ ಕೇಳದೆಯೇ ಎರಡು ಸಲ ತುಪ್ಪ ಬಡಿಸಿದಳು.

ಈಗ ಹೊರಡುವ ಹೊತ್ತಾಗಿತ್ತು. ಲತ ಪ್ರೇಮಮ್ಮನನ್ನು ಮಂಚದ ಮೇಲೆ ಕೂರಿಸಿ, ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದಳು. ಕಾಲಿನ ಊತವನ್ನು ಬೆರಳಿಂದ ಒತ್ತಿ ನೋಡಿದಳು. ಕಬ್ಬಿಣದ ಮಾತ್ರೆಯನ್ನು ಊಟವಾದ ಮೇಲೆ, ಬಿಳಿ ಮಾತ್ರೆಯನ್ನು ಮಲಗುವಾಗ, ತಲೆ ಸುತ್ತಿದರೆ ಸುಮ್ಮನಿರಬೇಡಿ, ಮಂಡ್ಯಕ್ಕೇ ಹೋಗಿ ಎಂದಳು. ಅವಳು ಹೀಗೆ ಆಸ್ಪತ್ರೆಯ ದನಿಯಲ್ಲಿ ಮಾತಾಡಿದಾಗ ತಿಮ್ಮೇಶನಿಗೆ ಅವಳು ಯಾರದೋ ಮನೆಯ ದೊಡ್ಡ ಹೆಂಗಸಿನಂತೆ ಕಾಣುತ್ತಿದ್ದಳು. ನೀರು ಕುಡಿಯಲು ಅಡುಗೆಮನೆಗೆ ಹೋದಾಗ, ಅಕ್ಕಿ ಡ್ರಮ್ಮಿನ ಮೇಲೆ ಒಂದು ಮೊರ ಇತ್ತು, ಅದಕ್ಕೆ ಹಸಿರು ಬಟ್ಟೆ ಮುಚ್ಚಿತ್ತು. ಮಧ್ಯಾಹ್ನದ ಅಡುಗೆಗೆ ಹಸನು ಮಾಡಿಟ್ಟದ್ದಿರಬೇಕು ಎಂದುಕೊಂಡ. ಬಟ್ಟೆಯನ್ನು ಎತ್ತಿ ನೋಡಲು ಕೈ ಮುಂದಾಯಿತು, ಅಷ್ಟರಲ್ಲಿ ದೊಡ್ಡವ್ವ ಒಳಗೆ ಬಂದದ್ದರಿಂದ ಚೊಂಬನ್ನು ಇಟ್ಟು ಹೊರಗೆ ಬಂದ. ಬಾಗಿಲಲ್ಲಿ ಪ್ರೇಮಮ್ಮ ಚೌಕಟ್ಟಿಗೆ ಒರಗಿ ನಿಂತು ಅವನ ಮುಖವನ್ನೇ ನೋಡುತ್ತಿದ್ದಳು. ಏನು ಎಂದು ಕೇಳಬಹುದಿತ್ತು. ಅವನು ಸೂಟ್‌ಕೇಸಿನ ಬೀಗ ಸರಿಯಾಗಿ ಬಿದ್ದಿದೆಯೇ ಎಂದು ಬಗ್ಗಿ ಎಳೆದು ನೋಡತೊಡಗಿದ, ಮತ್ತೆ ತಲೆಯೆತ್ತುವ ಹೊತ್ತಿಗೆ ಲತ ದೊಡ್ಡವ್ವನ ಕಾಲು ಮುಟ್ಟಿ ಹೊಸಿಲು ದಾಟಿಯಾಗಿತ್ತು. ಅವಳ ಸೆರಗು ಖಾಲಿಯಾಗಿ, ಹೆಗಲಿಂದ ಸುಮ್ಮನೆ ಇಳಿಬಿದ್ದಿತ್ತು.

ಬಸ್ಸಿನಲ್ಲಿ ಸೂಟ್‌ಕೇಸನ್ನು ಡ್ರೈವರನ ಪಕ್ಕ ಇಟ್ಟು, ಅವಳಿಗೆ ಕಿಟಕಿಯ ಕಡೆ ಸೀಟು ಹಿಡಿದುಕೊಟ್ಟ. ಎರಡೂ ಕಡೆ ಕಬ್ಬು, ಆಮೇಲೆ ನಾಲೆ, ಮತ್ತೆ ಕಬ್ಬು. ಅವಳು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದಳು. ಕಂಡಕ್ಟರ್ ಟಿಕೆಟ್ಟಿನ ಪೆಟ್ಟಿಗೆಯನ್ನು ಬಡಿಯುತ್ತ ಬಂದಾಗ ತಿಮ್ಮೇಶನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ನಾಲ್ಕು ವರ್ಷದ ಹಿಂದೆ ಆವತ್ತೂ ಹೀಗೇ, ಬಿಂಡಿಗನವಿಲೆಯಿಂದ ನಾಗಮಂಗಲಕ್ಕೆ ಬರುವ ಖಾಸಗಿ ಬಸ್ಸು. ಗಂಡನ ತಿಥಿ ಮುಗಿಸಿ ಅವಳನ್ನು ಕರೆದುಕೊಂಡು ಬರುತ್ತಿದ್ದ. ಬಸ್ಸಿನ ನೆತ್ತಿಯ ಮೇಲೆ ಅವಳ ಮದುವೆಯ ಟ್ರಂಕು, ಹಿತ್ತಾಳೆ ಕೊಳಗ, ಹೊಲಿಗೆ ಮೆಷಿನ್ನು. ಕಂಡಕ್ಟರ್ ಮೂರಕ್ಕೂ ಲಗೇಜು ಚಾರ್ಜು ಕೇಳಿದ. ಮಂಡಿಯವನಿಗೆ ಚೌಕಾಸಿ ನಾಲಿಗೆಯ ತುದಿಯಲ್ಲೇ ಇರುತ್ತದೆ. ಇದು ಲಗೇಜಲ್ಲ, ಮನೆ ಸಾಮಾನು ಎಂದ. ಕಂಡಕ್ಟರ್ ಒಪ್ಪಲಿಲ್ಲ. ಒಂದಕ್ಕೆ ಕೊಡುತ್ತೇನೆ ಎಂದ, ಅದಕ್ಕೂ ಒಪ್ಪಲಿಲ್ಲ. ಬಸ್ಸಿನ ಜನವೆಲ್ಲ ತಿರುಗಿ ನೋಡುತ್ತಿದ್ದಾಗ ತಿಮ್ಮೇಶ, ಪಕ್ಕದಲ್ಲಿ ತಲೆ ತುಂಬ ಸೆರಗು ಹೊದ್ದು ಕೂತಿದ್ದವಳ ಕಡೆ ಗಲ್ಲ ತೋರಿಸಿ, "ಗಂಡ ಸತ್ತೋಳ ಸಾಮಾನು ಕಣಣ್ಣ, ಬುಟ್ಬುಡು," ಎಂದಿದ್ದ. ಕಂಡಕ್ಟರ್ ದುಡ್ಡು ತೆಗೆದುಕೊಳ್ಳದೆ ಹೋಗಿಬಿಟ್ಟ. ಉಳಿಯಿತಲ್ಲ ಎಂದು ಒಂದು ಕ್ಷಣ, ಒಂದೇ ಒಂದು ಕ್ಷಣ, ತಿಮ್ಮೇಶನಿಗೆ ಗೆದ್ದಂತೆ ಅನ್ನಿಸಿತ್ತು. ಆ ಗೆಲುವು ನೆನಪಾದಾಗಲೆಲ್ಲ ಅವನಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಊರು ಬಂದಾಗ ಟ್ರಂಕಿನ ಒಂದು ಹಿಡಿಯನ್ನು ತಾನೇ ಹಿಡಿದು ಇಳಿಸಿಕೊಂಡಿದ್ದಳು.

"ಎರಡು ಶ್ರೀರಂಗಪಟ್ಣ," ಎಂದ ತಿಮ್ಮೇಶ. ಕಂಡಕ್ಟರ್ ಸೂಟ್‌ಕೇಸಿನ ಕಡೆ ನೋಡಿದ. "ಅದ್ಕೂ ಒಂದ್ ಲಗೇಜು ಕೊಡಣ್ಣ," ಎಂದು ತಿಮ್ಮೇಶ, ಅವನು ಕೇಳುವ ಮೊದಲೇ, ದುಡ್ಡು ಚಾಚಿದ. ಲತ ಕಿಟಕಿಯಿಂದ ಮುಖ ತಿರುಗಿಸಿ ಅವನನ್ನು ನೋಡಿ, ಮತ್ತೆ ಕಿಟಕಿಯ ಕಡೆ ತಿರುಗಿದಳು. ಅವಳಿಗೂ ಅದೇ ಬಸ್ಸು ನೆನಪಾಗಿದೆ ಎಂದು ಅವನಿಗೆ ಗೊತ್ತಾಯಿತು. ಅವತ್ತು ಲಗೇಜಿನ ಕಾನೂನನ್ನು ತಪ್ಪಿಸಿಕೊಳ್ಳಲು ಅವಳ ಗಂಡ ಸತ್ತದ್ದನ್ನು ಮುಂದೆ ಮಾಡಿದ್ದ. ನಿನ್ನೆ ಅವಳ ಗಂಡ ಸತ್ತದ್ದನ್ನು ಮುಚ್ಚಲು ಲಗೇಜಿನ ಕಾನೂನನ್ನು ಮುಂದೆ ಮಾಡಿದ. ಕ್ಷಮಿಸವ್ವ ಎನ್ನಬೇಕೆಂದು ಗಂಟಲಿನವರೆಗೂ ಬಂತು. ಬಸ್ಸಿನಲ್ಲಿ ಜನ ಇದ್ದಾರೆ, ಇಳಿದ ಮೇಲೆ ಹೇಳಿದರಾಯಿತು ಎಂದುಕೊಂಡ.

ಮೈಸೂರಿನಿಂದ ಇನ್ನಿಬ್ಬರು ನರ್ಸುಗಳನ್ನು ಕರೆತರುವ ವ್ಯಾನು ರವೀಂದ್ರನ ಅಂಗಡಿ ಮುಂದೆ ನಿಂತು ಲತಳನ್ನು ಹತ್ತಿಸಿಕೊಳ್ಳುವುದೆಂದು ಕೆಲಸ ಕೊಡಿಸಿದ ಏಜೆಂಟು ಹೇಳಿದ್ದ. ಪೆಟ್ಟಿಗೆಗಳಿಗೇ ಜಾಗ ಸಾಲದ್ದರಿಂದ ಕಳಿಸಲು ಬಂದವರು ಅಲ್ಲಿಂದಲೇ ವಾಪಸು. ರವೀಂದ್ರ ಅವಳಿಗೆ ಸ್ಟೂಲು ಹಾಕಿ, ಸೋಡ ತರಿಸಿದ. ಆಮೇಲೆ ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿಯನ್ನು ತಂದು, "ಇಲ್ಲೊಂದ್ ಕಿತ ನೋಡೇಬುಡಾನ, ಅಲ್ಲಿ ಬಿಚ್ಚಾಡದ್ ಬ್ಯಾಡ," ಎಂದು ನೀಲಿ ಬ್ಯಾಗನ್ನು ನೇತುಹಾಕಿದ. ಮುಳ್ಳು ಮೂರರ ಹತ್ತಿರ ಅಲ್ಲಾಡಿ ನಿಂತಿತು. ಅಂದರೆ ರಾತ್ರಿಯೆಲ್ಲ ಸಮಯವಿದ್ದರೂ ಅವಳು ಆ ಜಾಗಕ್ಕೆ ಏನನ್ನೂ ತುಂಬಿರಲಿಲ್ಲ.

"ಇದೇನ್ಲಾ ತಿಮ್ಮೇಶ, ತೂಗೋನಾಗಿ ಇಂಗ್ ಮಾಡಿದ್ದೀಯ? ಇನ್ನೂ ಎಲ್ಡ್ ಕೆಜಿ ಇಡೀತದೆ. ಮಡ್ಲಕ್ಕಿ ಎಲ್ಲಿ? ಅಕ್ಕಿ ಬೆಲ್ಲಕ್ಕೆ ಯಾವೋನೂ ಬ್ಯಾಡ ಅನ್ನಲ್ಲ ಅಂತ ಅವತ್ತೇ ಏಳಿದ್ನಲ್ಲ ನಿಂಗೆ, ಇದೇ ಜಾಗ್ದಲ್ಲಿ."

ಹೆದ್ದಾರಿಯಲ್ಲಿ ಒಂದರ ಹಿಂದೆ ಒಂದು ಲಾರಿಗಳು ಹೋದವು. ತಿಮ್ಮೇಶ ತಲೆ ತಗ್ಗಿಸಿ ತನ್ನ ಚಪ್ಪಲಿಗಳನ್ನು ನೋಡುತ್ತಿದ್ದ. ಈಗ ಅವಳು ಬೈಯಲಿ, ಈ ಅಂಗಡಿಯ ಮುಂದೆ, ಎಲ್ಲರೂ ಕೇಳುವಂತೆ ಬೈಯಲಿ ಎಂದು ಬಯಸಿದ. ಬೈದಿದ್ದರೆ ಎಲ್ಲ ಅಲ್ಲಿಗೆ ತೀರಿಹೋಗುತ್ತಿತ್ತು.

"ಅಣ್ಣ ಏಳ್ತು ರವೀಂದ್ರಣ್ಣ. ನಾನೇ ಬ್ಯಾಡ ಅಂದೆ," ಎಂದಳು ಲತ. "ಸುಮ್ಕೆ ಯಾಕೆ ಓರೋದು ಅಂತ."

ತಿಮ್ಮೇಶ "ಬಂದೆ ಇರು" ಎಂದು ಯಾರಿಗೋ ಹೇಳಿದಂತೆ ಹೇಳಿ, ರಸ್ತೆ ದಾಟಿದ. ಎದುರಿನ ದಿನಸಿ ಅಂಗಡಿಯಲ್ಲಿ ಅಕ್ಕಿ, ಬೆಲ್ಲ ಎಂದ. ಯಾವ ಅಕ್ಕಿ ಎಂದು ಅಂಗಡಿಯವನು ಕೇಳಿದ. ಒಳ್ಳೆಯದು ಎಂದ. ಅಂಗಡಿಯವನು ಪೊಟ್ಟಣ ಕಟ್ಟುವಾಗ, ಅವನ ಕೈ ದಾರ ಸುತ್ತುವುದನ್ನೇ ನೋಡುತ್ತ ನಿಂತ. ಗಂಡಸು ಮಡಿಲು ತುಂಬಿದ್ದನ್ನು ಅವನು ಎಲ್ಲೂ ಕಂಡಿರಲಿಲ್ಲ, ಆದರೆ ತಾನೇ ಹಾಕಿದರೆ ಪ್ರೇಮಮ್ಮನ ಕೈ ಅದಕ್ಕೆ ತಾಗುವುದಿಲ್ಲವಲ್ಲ ಎಂಬ ಉಪಾಯವೂ ಆ ಹೊತ್ತಿನಲ್ಲೇ ಹೊಳೆಯಿತು. ಹೊಳೆದ ಕೂಡಲೇ, ಅವಳ ಹೊಟ್ಟೆಯಲ್ಲಿರುವುದು ನಿನ್ನದೂ ಹೌದಲ್ಲವೇನೋ ಎಂದು ದೊಡ್ಡವ್ವನ ದನಿ ಕೇಳಿದಂತಾಯಿತು. ಬಚ್ಚಲು, ಬಕೆಟ್ಟು. ಪೊಟ್ಟಣಗಳನ್ನು ಎದೆಗೆ ಒತ್ತಿ ಹಿಡಿದುಕೊಂಡು, ಲಾರಿಗಳು ಹೋಗಲೆಂದು ರಸ್ತೆಯ ಅಂಚಿನಲ್ಲಿ ಕಾದ. ಆ ಕಡೆ ವ್ಯಾನು ಬಂದು ನಿಂತದ್ದು ಕಾಣಿಸಿತು. ದಾಟಲು ಸಂದು ಸಿಕ್ಕಿದ ಮೇಲೂ ಒಂದು ಲಾರಿಯನ್ನು ಸುಮ್ಮನೆ ಹೋಗಲು ಬಿಟ್ಟ.

ಅವನು ಹೋಗುವ ಹೊತ್ತಿಗೆ ಸೂಟ್‌ಕೇಸು ವ್ಯಾನಿನ ಮೇಲೇರಿತ್ತು. ಲತ ಕಿಟಕಿಯ ಪಕ್ಕ ಕೂತು, ಒಳಗಿದ್ದ ಇಬ್ಬರು ಹುಡುಗಿಯರ ಜೊತೆ ಏನೋ ಮಾತಾಡುತ್ತಿದ್ದಳು. ಅವರಲ್ಲಿ ಒಬ್ಬಳ ತೊಡೆಯ ಮೇಲೆ ಹಳದಿ ಬಟ್ಟೆಯ ಗಂಟು ಇತ್ತು, ಗಂಟಿನ ಬಾಯಿಂದ ವೀಳ್ಯದೆಲೆ ಇಣುಕುತ್ತಿತ್ತು. ತಿಮ್ಮೇಶ ಪೊಟ್ಟಣಗಳನ್ನು ಕಿಟಕಿಯ ಎತ್ತರಕ್ಕೆ ಹಿಡಿದ. ಲತ ಪೊಟ್ಟಣಗಳನ್ನು ನೋಡಿದಳು, ಅವನ ಮುಖ ನೋಡಿದಳು. ಆಮೇಲೆ ನಿಧಾನವಾಗಿ ಬ್ಯಾಗಿನ ಜಿಪ್ಪು ಎಳೆದು, ಬಾಯಿ ಅಗಲ ಮಾಡಿ ಅವನ ಕಡೆಗೆ ಹಿಡಿದಳು. ಒಂದು ಬದಿಗೆ ಟವೆಲು, ಕಾಗದಪತ್ರ, ಒಂದು ಸ್ವೆಟರು ಒತ್ತಾಗಿ ಕೂತಿದ್ದವು. ಇನ್ನೊಂದು ಬದಿ ಪೂರ್ತಿ ಖಾಲಿ. ಆ ಖಾಲಿ ಜಾಗದಲ್ಲಿ ಅವರ ಅವ್ವನ ಹಳೆಯ ಸೀರೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿತ್ತು. ಮದುವೆಯಾಗಿ ಹೊರಟ ದಿನ ಅವ್ವ ಆ ಸೀರೆ ಉಟ್ಟುಕೊಂಡೇ ಇವಳಿಗೆ ಮಡಿಲು ತುಂಬಿದ್ದಳು. ಬ್ಯಾಗಿನ ಮುಚ್ಚಳದ ಒಳಗಡೆ ಎರಡು ಮೂರು ಹಣೆಬೊಟ್ಟಿನ ಸ್ಟಿಕ್ಕರುಗಳು ಅಂಟಿಕೊಂಡಿದ್ದವು, ಗಂಡ ಸತ್ತ ಮೇಲೆ ಮನೆಯಲ್ಲಿ ಅವಳು ಒಂದು ದಿನವೂ ಇಟ್ಟುಕೊಳ್ಳದಿದ್ದವು.

ಸುರಿಯುವುದಷ್ಟೇ ಉಳಿದಿತ್ತು. ಅವನ ಕೈ ಬ್ಯಾಗಿನ ಬಾಯಿಯವರೆಗೆ ಹೋಗಿ ನಿಂತಿತು. ಬೇಡ ಎಂದೇನೂ ಅವನು ಅಂದುಕೊಳ್ಳಲಿಲ್ಲ. ಕೈ ಸುಮ್ಮನೆ ನಿಂತಿತು, ಮಂಡಿಯಲ್ಲಿ ತಕ್ಕಡಿ ಸಮವಾಗುವವರೆಗೆ ನಿಲ್ಲುತ್ತದಲ್ಲ, ಹಾಗೆ. ಪ್ರೇಮಮ್ಮ ಚೌಕಟ್ಟಿಗೆ ಒರಗಿ ನಿಂತದ್ದು ಕಣ್ಣ ಮುಂದೆ ಬಂತು, ಅವಳ ಕಾಲಿನ ಊತ ಬಂತು. ಡ್ರೈವರು ಹಾರನ್ ಒತ್ತಿ, "ಬೆಂಗ್ಳೂರ್ ಟ್ರಾಫಿಕ್ಕು ಸಾರ್, ಬೇಗ ಮುಗಿಸಿ," ಎಂದ. ಕೈ ಹಾಗೆ ನಿಂತದ್ದು ಎಷ್ಟು ಹೊತ್ತೆಂದು ಹೇಳುವುದು ಕಷ್ಟ. ಆದರೆ ಒಬ್ಬರ ಮುಖವನ್ನು ನೋಡುತ್ತಿರುವವರಿಗೆ ಅಷ್ಟು ಹೊತ್ತು ಸಾಕು.

ಲತ ಬ್ಯಾಗನ್ನು ತನ್ನ ಕಡೆಗೆ ಎಳೆದುಕೊಂಡು ಜಿಪ್ಪು ಹಾಕಿದಳು.

"ಇರ್ಲಿ ಬುಡಣ್ಣ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬೆಳಿಗ್ಗೆ ಮಾತ್ರೆಗಳನ್ನು ವಿವರಿಸುವಾಗ ಇದ್ದ ದನಿಯೇ ಇತ್ತು. "ಬುಡಕ್ಕಿಲ್ವಂತಲ್ಲ. ರೂಲ್ಸು. ಅತ್ಗೇನ ನೋಡ್ಕೋ. ಕಬ್ಬಿಣದ್ ಮಾತ್ರೆ ತಪ್ಪುಸ್ಬ್ಯಾಡಿ."

ವ್ಯಾನು ಬೆಂಗಳೂರಿನ ಕಡೆಗೆ ತಿರುಗಿ, ಸೇತುವೆಯ ಕಡೆ ಇಳಿದು ಕಾಣದಾಯಿತು. ರವೀಂದ್ರ ಸ್ಟೂಲನ್ನು ಒಳಗಿಡುತ್ತ, ಅವನ ಕೈಯಲ್ಲಿದ್ದ ಪೊಟ್ಟಣಗಳನ್ನು ನೋಡಿದ. ಸದಾ ಬಾಯಿ ಮಾಡುವವನು ಸ್ಪ್ರಿಂಗ್ ತಕ್ಕಡಿಯನ್ನು ಎತ್ತಿಕೊಂಡು ಒಳಗೆ ಹೋದ. ಹೊಡೆದಿದ್ದರೂ ತಿಮ್ಮೇಶನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಪೊಟ್ಟಣಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸೀಟಿನ ಕೆಳಗೆ ಇಟ್ಟ, ಅಲ್ಲಿ ಯಾರದೋ ಚಪ್ಪಲಿಯ ಮಣ್ಣು ಇತ್ತು. ಮಡಿಲಿಗೆಂದು ತಂದದ್ದನ್ನು ಕಾಲಡಿ ಇಡಬಾರದು ಎಂದು ಮತ್ತೆ ಎತ್ತಿಕೊಂಡ. ಬಿಸಾಡುವಂತಿಲ್ಲ, ಅನ್ನ. ಯಾರಿಗಾದರೂ ಕೊಡೋಣವೆಂದರೆ ಏನೆಂದು ಹೇಳಿ ಕೊಡುವುದು. ಕೊನೆಗೆ ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಎರಡು ಕೈಗಳಿಂದ ಹಿಡಿದು ಕೂತ. ಪಕ್ಕದಲ್ಲಿ ಕೂತ ಮುದುಕ, "ಅಕ್ಕೀನಾ, ಎಲ್ಲೀದು, ಎಂಗ್ ಕೊಟ್ರು," ಎಂದು ಕೇಳಿದ. ತಿಮ್ಮೇಶ ಕೇಳಿಸದವನಂತೆ ಕಬ್ಬಿನ ಗದ್ದೆಗಳ ಕಡೆ ನೋಡಿದ. ಇಳಿದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದ ಮಾತು ಇನ್ನೂ ಗಂಟಲಲ್ಲೇ ಇತ್ತು, ಇನ್ನು ಅದು ಅಲ್ಲೇ ಇರುತ್ತದೆ ಎಂದು ಅವನಿಗೆ ಗೊತ್ತಿತ್ತು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದ ದೊಡ್ಡವ್ವ, "ಕಳುಸ್ಬುಟ್ಟ್ಯಾ? ಸುಕವಾಗಿ ಸೇರ್ಕಳ್ಳಿ, ಪಾಪ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಕಣ್ಣೀರೂ ಸುಳ್ಳಾಗಿರಲಿಲ್ಲ. ಅವನು ಒಳಗೆ ಹೋದ. ಅಡುಗೆಮನೆಯಲ್ಲಿ ಪ್ರೇಮಮ್ಮ ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು, ಬೆಳಗಿನ ಆ ಮೊರದಿಂದ ಅಕ್ಕಿಯನ್ನು ಮತ್ತೆ ಡ್ರಮ್ಮಿಗೆ ಸುರಿಯುತ್ತಿದ್ದಳು. ಪಕ್ಕದಲ್ಲಿ ಎರಡು ಅಚ್ಚು ಬೆಲ್ಲ, ಬಾಡಿದ ವೀಳ್ಯದೆಲೆ. ಮೊರಕ್ಕೆ ಮುಚ್ಚಿದ್ದ ಹಸಿರು ಬಟ್ಟೆ ಹೊಸ ರವಿಕೆ ಕಣವಾಗಿತ್ತು, ಅದನ್ನು ಮಡಚಿ ಬೆಲ್ಲದ ಮೇಲಿಟ್ಟಿದ್ದಳು.

"ನೀವು ಕರೀತೀರ ಅಂತ ಬಾಗ್ಲಲ್ಲೇ ನಿಂತಿದ್ದೆ," ಎಂದಳು, ತಿರುಗದೆ. ಕೊನೆಯ ಕಾಳುಗಳನ್ನು ತಟ್ಟಿ ಉದುರಿಸಿ, ಮೊರವನ್ನು ಗೋಡೆಗೆ ಒರಗಿಸಿ, ಆಮೇಲೆ ಅವನ ಕೈಯನ್ನು ನೋಡಿದಳು.

"ಏನದು?"

"ಅಕ್ಕಿ."

"ಮನೇಲೇ ಇತ್ತಲ್ಲ."

"ಇತ್ತು," ಎಂದ ತಿಮ್ಮೇಶ.